ಕಾರ್ಡ್ ಜೇಬಿನಲ್ಲೇ ಇದೆ, ದುಡ್ಡು ಹಿಂದೂಪುರದಲ್ಲಿ ಹೋಗಿದೆ: ನಷ್ಟ ಯಾರ ಪಾಲಿಗೆ?

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರ. ಗೂಡು ಮಾರಿದ ದುಡ್ಡು ಖಾತೆಗೆ ಬಂದಿತ್ತು. ಗುರುವಾರ ಚಿಂತಾಮಣಿಗೆ ಹೋದಾಗ ಅಲ್ಲಿನ ಎಟಿಎಂನಲ್ಲಿ 2,000 ರೂ. ತೆಗೆದೆ. ಮಷಿನ್ ಒಂದೆರಡು ಸಲ ಸತಾಯಿಸಿತು. ಹಿಂದೆ ನಿಂತಿದ್ದ ಹುಡುಗನೊಬ್ಬ ಕಾರ್ಡ್ ಹಾಕಿ ತೆಗೆಯಲು ನೆರವಾದ. ಮರುದಿನ ಶುಕ್ರವಾರ ರಾತ್ರಿ ಹಿಂದೂಪುರದ ಎಟಿಎಂನಲ್ಲಿ ನನ್ನ ಖಾತೆಯಿಂದ ನಾಲ್ಕು ಸಲ 10,000 ರೂ. ತೆಗೆದಿದ್ದಾರೆ. ಎರಡು ಸಲ 12 ಗಂಟೆಗೆ ಮೊದಲು, ಎರಡು ಸಲ ಆಮೇಲೆ. ಶನಿವಾರ ಬೆಳಗ್ಗೆ ಅಲ್ಲೇ ಮೊಬೈಲ್ ಅಂಗಡಿಯಲ್ಲಿ 28,000 ರೂ. ಸ್ವೈಪ್ ಆಗಿದೆ. ಒಟ್ಟು 68,000 ರೂ. ಮೆಸೇಜ್‌ಗಳು ದೊಡ್ಡಬಳ್ಳಾಪುರದಲ್ಲಿ ಕೆಲಸ ಮಾಡುವ ಮಗನ ಫೋನಿಗೆ ಹೋಗುತ್ತವೆ. ಅವನು ನೋಡಿದ್ದು ಮಂಗಳವಾರ ರಾತ್ರಿ. ಕೂಡಲೇ ಟೋಲ್‌ಫ್ರೀ ನಂಬರಿಗೆ ಫೋನ್ ಮಾಡಿ ವಿಷಯ ಹೇಳಿ ಕಾರ್ಡ್ ಬ್ಲಾಕ್ ಮಾಡಿಸಿದ. ಬುಧವಾರ ನಾನು ಬ್ರಾಂಚಿಗೆ ಹೋದೆ. ‘ಐದು ದಿನ ಆಗಿಹೋಗಿದೆ, ಮೂರು ದಿನದೊಳಗೆ ಹೇಳಬೇಕಿತ್ತು. ಪಿನ್ ಹಾಕಿಯೇ ದುಡ್ಡು ತೆಗೆದಿದ್ದಾರೆ, ಅಂದರೆ ಪಿನ್ ನೀವೇ ಯಾರಿಗೋ ಹೇಳಿದ್ದೀರಿ. ಮೊದಲು ಎಫ್‌ಐಆರ್ ತನ್ನಿ’ ಎಂದು ಮ್ಯಾನೇಜರ್ ಕಳಿಸಿಬಿಟ್ಟರು. ಬರೆದು ಏನೂ ಕೊಟ್ಟಿಲ್ಲ. ಕಾರ್ಡ್ ನನ್ನ ಜೇಬಿನಲ್ಲೇ ಇದೆ. ಪಿನ್ ಯಾರಿಗೂ ಹೇಳಿಲ್ಲ, ಆದರೆ ಮರೆಯಬಾರದೆಂದು ಕಾರ್ಡಿನ ಕವರ್ ಮೇಲೆ ಬರೆದಿಟ್ಟಿದ್ದೆ. ಆ ಶನಿವಾರ ತಿಂಗಳ ಎರಡನೇ ಶನಿವಾರ. ನನ್ನ ದುಡ್ಡು ಬರುತ್ತದೆಯೇ?

ಉತ್ತರ: ಮುಂದಕ್ಕೆ ಓದುವ ಮೊದಲು ಜೇಬಿನಿಂದ ಕಾರ್ಡ್ ತೆಗೆಯಿರಿ. ಅದರ ಕೊನೆಯ ನಾಲ್ಕು ಅಂಕಿ ನೋಡಿ. ಮಗನ ಫೋನಿನಲ್ಲಿರುವ ಮೆಸೇಜ್‌ನಲ್ಲೋ ಬ್ಯಾಂಕ್ ಕಾರ್ಡ್ ಕೊಟ್ಟಾಗಿನ ಕಾಗದದಲ್ಲೋ ನಿಮ್ಮ ಕಾರ್ಡಿನ ಕೊನೆಯ ನಾಲ್ಕು ಅಂಕಿ ಇರುತ್ತವೆ. ಎರಡೂ ಒಂದೇನಾ?

ಹೀಗೆ ಕೇಳುವುದಕ್ಕೆ ಕಾರಣವಿದೆ. ಬ್ರಾಂಚಿನಲ್ಲಿ ಕೂಡಲೇ ಕೊಡುವ ಎಷ್ಟೋ ಕಾರ್ಡ್‌ಗಳ ಮೇಲೆ ಹೆಸರೇ ಇರುವುದಿಲ್ಲ. ಒಂದೇ ಬ್ಯಾಂಕಿನ ಎರಡು ಕಾರ್ಡ್ ಪಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳ ಹಾಗೆ. ಎಟಿಎಂನಲ್ಲಿ ‘ಅಣ್ಣಾ, ಹಾಗಲ್ಲ, ಹೀಗೆ ಹಾಕಿ’ ಎಂದು ಕೈ ಚಾಚುವ ಹುಡುಗರಲ್ಲಿ ಕೆಲವರ ಕಸುಬೇ ಇದು. ನೀವು ಪಿನ್ ಒತ್ತುವುದನ್ನು ನೋಡಿಕೊಂಡು, ನಿಮ್ಮ ಕಾರ್ಡ್ ತಾನಿಟ್ಟುಕೊಂಡು, ಅಂಥದ್ದೇ ಇನ್ನೊಂದು ಹಳೆಯ ಕಾರ್ಡ್ ನಿಮ್ಮ ಕೈಗಿಡುತ್ತಾರೆ. ನೀವು ಅದನ್ನೇ ಕವರಿಗೆ ಹಾಕಿಕೊಂಡು ಬರುತ್ತೀರಿ. ಕಾರ್ಡ್ ಜೇಬಿನಲ್ಲೇ ಇದೆ ಎಂದು ಪ್ರಾಮಾಣಿಕವಾಗಿ ನಂಬಿರುತ್ತೀರಿ. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಹೊಳೆದದ್ದು ಇದೇ. ನಡುರಾತ್ರಿಯ ಆಚೆಗೆ ಎರಡು, ಈಚೆಗೆ ಎರಡು ಎಂದು ದುಡ್ಡು ತೆಗೆದಿರುವುದೂ ಕಸುಬುದಾರರ ಲಕ್ಷಣ. ಎಟಿಎಂ ಮಿತಿ ದಿನಕ್ಕೆ ಇಷ್ಟು ಎಂದು ಇರುತ್ತದೆ. 12 ಹೊಡೆದರೆ ಹೊಸ ದಿನ, ಹೊಸ ಮಿತಿ.

ಅಂಕಿ ಬೇರೆಯಾದರೆ ಆ ಕಾರ್ಡನ್ನು ಬಿಸಾಡಬೇಡಿ, ಬ್ಯಾಂಕಿಗೂ ಒಪ್ಪಿಸಬೇಡಿ. ಅದು ಇನ್ನೊಬ್ಬ ಮೋಸಹೋದವರ ಕಾರ್ಡ್ ಇರಬಹುದು. ಪೊಲೀಸರಿಗೆ ಅದೇ ದೊಡ್ಡ ಸುಳಿವು. ಎರಡೂ ಬದಿ ಫೋಟೋ ತೆಗೆದುಕೊಂಡು, ಪೊಲೀಸರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅಂಕಿ ಒಂದೇ ಆಗಿದ್ದರೆ ಕಥೆ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಮ್ಯಾನೇಜರ್ ಹೇಳಿದ ಮಾತುಗಳು. ‘ಐದು ದಿನ ಆಗಿಹೋಗಿದೆ’ ಎಂಬುದು ತಪ್ಪು ಲೆಕ್ಕ. ಈ ವಿಷಯದಲ್ಲಿ ಇಡೀ ದೇಶಕ್ಕೆ ಬುನಾದಿಯಾದ ನಿಯಮವನ್ನು ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿತು. ಗ್ರಾಹಕ ಮಾಡದ ಎಲೆಕ್ಟ್ರಾನಿಕ್ ವಹಿವಾಟಿನಲ್ಲಿ ಯಾರ ಹೊಣೆ ಎಷ್ಟು ಎಂದು ಹೇಳುವ ಸುತ್ತೋಲೆ ಅದು. ಸರ್ಕಾರಿ, ಖಾಸಗಿ, ಗ್ರಾಮೀಣ ಬ್ಯಾಂಕ್ ಎಲ್ಲಕ್ಕೂ ಅನ್ವಯ. ಅದೇ ವರ್ಷ ಡಿಸೆಂಬರ್ 14ರಂದು ಸಹಕಾರಿ ಬ್ಯಾಂಕ್‌ಗಳಿಗೂ ಇಂಥದ್ದೇ ಸುತ್ತೋಲೆ ಬಂತು. ಹಾಗಾಗಿ ಖಾತೆ ಡಿಸಿಸಿ ಬ್ಯಾಂಕಿನಲ್ಲಿದ್ದರೂ ಇದೇ ಮಾತು. ಹಳ್ಳಿಯ ವಿಎಸ್‌ಎಸ್‌ಎನ್‌ ಸೊಸೈಟಿ (ವ್ಯವಸಾಯ ಸೇವಾ ಸಹಕಾರ ಸಂಘ) ಮಾತ್ರ ಬ್ಯಾಂಕ್ ಅಲ್ಲ, ಅದಕ್ಕೆ ಇದು ಹೊಂದುವುದಿಲ್ಲ.

ಆ ಸುತ್ತೋಲೆಯಲ್ಲಿರುವುದು ಮೂರು ದಿನ ಅಲ್ಲ, ಮೂರು ‘ಕೆಲಸದ ದಿನ’. ಎಣಿಸುವ ಬಗೆಯನ್ನೂ ಅದೇ ಹೇಳುತ್ತದೆ. ಬ್ಯಾಂಕಿನ ಮೆಸೇಜ್ ನಿಮಗೆ ತಲುಪಿದ ದಿನವನ್ನು ಬಿಡಬೇಕು. ಆಮೇಲೆ ನಿಮ್ಮ ಖಾತೆ ಇರುವ ಬ್ರಾಂಚ್ ಯಾವ ದಿನ ತೆರೆದಿರುತ್ತದೋ ಆ ದಿನಗಳನ್ನು ಮಾತ್ರ ಎಣಿಸಬೇಕು. ನಿಮ್ಮದನ್ನೇ ಲೆಕ್ಕ ಹಾಕೋಣ. ಶುಕ್ರವಾರ ಮೆಸೇಜ್ ಬಂದ ದಿನ, ಬಿಟ್ಟುಬಿಡಿ. ಎರಡನೇ ಶನಿವಾರ ರಜೆ. ಭಾನುವಾರ ರಜೆ. ಸೋಮವಾರ ಒಂದು, ಮಂಗಳವಾರ ಎರಡು, ಬುಧವಾರ ಮೂರು. ನೀವು ಬ್ರಾಂಚಿಗೆ ಹೋದ ಬುಧವಾರವೇ ಮೂರನೇ ದಿನ, ಗಡುವಿನ ಒಳಗೇ ಇದ್ದೀರಿ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಮಗ ಮಂಗಳವಾರ ರಾತ್ರಿಯೇ ಟೋಲ್‌ಫ್ರೀಗೆ ಫೋನ್ ಮಾಡಿ ಹೇಳಿದ್ದಾನೆ. ಫೋನ್, ವೆಬ್‌ಸೈಟ್, ಎಸ್‌ಎಂಎಸ್, ಇಮೇಲ್, ಬ್ರಾಂಚ್, ಹೀಗೆ ಹಲವು ದಾರಿಯಲ್ಲಿ 24 ಗಂಟೆಯೂ ದೂರು ಕೊಡುವ ವ್ಯವಸ್ಥೆ ಬ್ಯಾಂಕಿನಲ್ಲಿ ಇರಲೇಬೇಕು. ಬ್ರಾಂಚಿನಲ್ಲಿ ಹೇಳಿದರೆ ಮಾತ್ರ ಹೇಳಿದಂತೆ ಎಂಬ ನಿಯಮ ಇಲ್ಲ.

ಹಾಗಾಗಿ ಮಗನ ಫೋನಿನಲ್ಲಿ ಮೂರು ವಸ್ತುಗಳನ್ನು ಜೋಪಾನ ಮಾಡಿ. ಟೋಲ್‌ಫ್ರೀಗೆ ಮಾಡಿದ ಕರೆಯ ದಾಖಲೆ, ‘ನಿಮ್ಮ ಕಾರ್ಡ್ ಬ್ಲಾಕ್ ಆಗಿದೆ’ ಎಂಬ ಮೆಸೇಜ್, ಆ ಐದು ಡೆಬಿಟ್ ಮೆಸೇಜ್‌ಗಳು. ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕಿಸಿ. ಮೆಸೇಜ್ ಯಾವಾಗ ತಲುಪಿತು, ಗ್ರಾಹಕ ಯಾವಾಗ ಪ್ರತಿಕ್ರಿಯೆ ಕೊಟ್ಟ ಎಂಬ ದಾಖಲೆಯನ್ನು ಬ್ಯಾಂಕೂ ಇಟ್ಟುಕೊಳ್ಳಬೇಕು. ಕಾರ್ಡ್ ಬ್ಲಾಕ್ ಮಾಡಿಸುವುದು ಬೇರೆ, ವಂಚನೆ ಎಂದು ದೂರು ಕೊಡುವುದು ಬೇರೆ ಎಂದು ಮುಂದೆ ಬ್ಯಾಂಕಿನವರು ವಾದಿಸಬಹುದು. ನಿಮ್ಮ ಮಗ ಬರೀ ಬಟನ್ ಒತ್ತಿ ಬ್ಲಾಕ್ ಮಾಡಿದ್ದಲ್ಲ, ಸಿಬ್ಬಂದಿಗೆ ವಿಷಯ ಹೇಳಿದ್ದಾನೆ ಅಲ್ವಾ? ಆ ಕರೆಯ ರೆಕಾರ್ಡಿಂಗ್ ಕಾಪಾಡಿ ಎಂದು ಈಗಲೇ ಬರೆದು ಕೇಳಿ.

ಈ ಮೂರು ದಿನದ ಗಡಿಗೆ ಇಷ್ಟು ಜಾಸ್ತಿ ಜಾಗ ಕೊಡುತ್ತಿರುವುದು ಸುಮ್ನೆ ಅಲ್ಲ. ತಪ್ಪು ಬ್ಯಾಂಕಿನದ್ದೇ ಆಗಿದ್ದರೆ ನೀವು ಎಷ್ಟು ತಡವಾಗಿ ಹೇಳಿದರೂ ನಿಮ್ಮ ಹೊಣೆ ಸೊನ್ನೆ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ, ನಡುವೆ ಎಲ್ಲೋ ಆಗಿದೆ ಎಂದಾದರೆ ಆಗ ದಿನದ ಲೆಕ್ಕ ಬರುತ್ತದೆ. ಮೂರು ಕೆಲಸದ ದಿನದೊಳಗೆ ಹೇಳಿದರೆ ಆಗಲೂ ಸೊನ್ನೆ. ನಾಲ್ಕರಿಂದ ಏಳು ದಿನದೊಳಗಾದರೆ ಒಂದು ಮಿತಿಯವರೆಗೆ ನಿಮ್ಮ ತಲೆಗೆ. ಏಳು ದಾಟಿದರೆ ಆ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ನೀತಿಯಲ್ಲಿ ಏನಿದೆಯೋ ಅದು.

ನಾಲ್ಕರಿಂದ ಏಳು ದಿನದ ಆ ಮಿತಿಯನ್ನು ಬಹಳ ಜನ ತಪ್ಪಾಗಿ ತಿಳಿದುಕೊಂಡಿದ್ದಾರೆ. ಜನಧನದಂಥ ಮೂಲ ಉಳಿತಾಯ ಖಾತೆಗೆ 5,000 ರೂ., ಸಾಮಾನ್ಯ ಉಳಿತಾಯ ಖಾತೆಗೆ 10,000 ರೂ. ‘ಹಾಗಾದರೆ ಜಾಸ್ತಿ ಅಂದರೆ ಹತ್ತು ಸಾವಿರ ಹೋಗುತ್ತದೆ, ಪರವಾಗಿಲ್ಲ’ ಎಂದುಕೊಳ್ಳುತ್ತಾರೆ. ಅಲ್ಲ. ಅದು ಒಂದೊಂದು ವಹಿವಾಟಿಗೆ. ನಿಮ್ಮದರಲ್ಲಿ ಐದು ವಹಿವಾಟು ಇವೆ. ಸಾಮಾನ್ಯ ಉಳಿತಾಯ ಖಾತೆಯಾಗಿದ್ದು ನೀವು ಗುರುವಾರ ಹೇಳಿದ್ದರೆ ನಾಲ್ಕು ಎಟಿಎಂ ವಹಿವಾಟಿನ 40,000 ರೂ. ಪೂರ್ತಿ ನಿಮ್ಮ ಮೇಲೆ. ಸ್ವೈಪ್ ಆದ 28,000ದಲ್ಲಿ 10,000 ನಿಮ್ಮ ಮೇಲೆ. ಕೈಗೆ ಬರುವುದು ಬರೀ 18,000. ಮೂಲ ಉಳಿತಾಯ ಖಾತೆಯಾದರೆ ಐದು ಸಲ 5,000, ಅಂದರೆ 25,000 ನಿಮ್ಮದು, 43,000 ವಾಪಸ್. ಸಾಮಾನ್ಯ ಖಾತೆಯಲ್ಲಿ ಬುಧವಾರ ಹೇಳಿದ್ದಕ್ಕೂ ಗುರುವಾರ ಹೇಳಿದ್ದಕ್ಕೂ 50,000 ರೂಪಾಯಿ ವ್ಯತ್ಯಾಸ! ಒಂದು ಬೆಳೆ ಗೂಡಿನ ದುಡ್ಡಿನಲ್ಲಿ ಇದು ಸಣ್ಣ ಮಾತೇ?

ಇನ್ನು ಎರಡನೇ ಮಾತು: ‘ಪಿನ್ ಹಾಕಿಯೇ ತೆಗೆದಿದ್ದಾರೆ, ಹಾಗಾಗಿ ನೀವೇ ಹೇಳಿದ್ದೀರಿ.’ ಬ್ಯಾಂಕಿನ ಕಾರ್ಡ್ ವಿಭಾಗದಲ್ಲಿ ಕೂತು ಕೆಲಸ ಮಾಡಿದವನಾಗಿ ಹೇಳುತ್ತೇನೆ, ಇದು ಕೌಂಟರಿನಲ್ಲಿ ಎಲ್ಲರಿಗೂ ಕೊಡುವ ಉತ್ತರ. ಎದುರಿಗಿದ್ದವರು ಹಳ್ಳಿಯವರಾದರೆ ಇನ್ನೂ ಬೇಗ ಬರುತ್ತದೆ. ಆದರೆ ಅದೇ 2017ರ ಸುತ್ತೋಲೆ ಒಂದು ಮಾತನ್ನು ಗೊಂದಲವಿಲ್ಲದೆ ಹೇಳಿದೆ: ಗ್ರಾಹಕನದು ತಪ್ಪು ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ನಾನು ತಪ್ಪು ಮಾಡಿಲ್ಲ ಎಂದು ನೀವು ಸಾಬೀತು ಮಾಡಬೇಕಾಗಿಲ್ಲ. ಪಿನ್ ಸರಿಯಾಗಿ ಬಿದ್ದಿದೆ ಎಂಬುದರಿಂದ ಗೊತ್ತಾಗುವುದು ಇಷ್ಟೇ, ಯಾರಿಗೋ ಪಿನ್ ಗೊತ್ತಿತ್ತು. ಹೇಗೆ ಗೊತ್ತಾಯಿತು ಎಂಬುದಕ್ಕೆ ಅದು ಉತ್ತರ ಅಲ್ಲ. ಹಿಂದೆ ನಿಂತು ನೋಡಿರಬಹುದು, ಸಣ್ಣ ಕ್ಯಾಮೆರಾ ಅಂಟಿಸಿರಬಹುದು, ಕೀಲಿಮಣೆಯ ಮೇಲೆ ನಕಲಿ ಹಾಳೆ ಇಟ್ಟಿರಬಹುದು.

ನಿಮ್ಮ ಕಾರ್ಡಿನ ಅಂಕಿ ಸರಿಯಾಗಿಯೇ ಇದೆ ಎಂದಾದರೆ, ಅಂದರೆ ಅಸಲಿ ಕಾರ್ಡ್ ನಿಮ್ಮಲ್ಲೇ ಇದ್ದು ಹಿಂದೂಪುರದಲ್ಲಿ ದುಡ್ಡು ಹೋಗಿದೆ ಎಂದಾದರೆ, ಬ್ಯಾಂಕಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಆ ಐದು ವಹಿವಾಟು ಚಿಪ್ ಓದಿ ಆಗಿವೆಯೋ, ಹಿಂದಿನ ಕಪ್ಪು ಪಟ್ಟಿ ಓದಿ ಆಗಿವೆಯೋ? ಪ್ರತಿ ವಹಿವಾಟಿನ ಜೊತೆ ‘ಎಂಟ್ರಿ ಮೋಡ್’ ಎಂಬ ಸಂಕೇತ ದಾಖಲಾಗುತ್ತದೆ. 05 ಎಂದರೆ ಚಿಪ್. 90 ಎಂದರೆ ಕಪ್ಪು ಪಟ್ಟಿ. 80 ಎಂದರೆ ಚಿಪ್ ಓದಲಾಗದೆ ಪಟ್ಟಿಗೆ ಇಳಿದದ್ದು. ಕಪ್ಪು ಪಟ್ಟಿಯನ್ನು ನಕಲು ಮಾಡುವುದು ಸುಲಭ. ಅದಕ್ಕೇ ರಿಸರ್ವ್ ಬ್ಯಾಂಕ್ 2018ರ ಡಿಸೆಂಬರ್ 31ರೊಳಗೆ ಬರೀ ಪಟ್ಟಿ ಇರುವ ಕಾರ್ಡ್‌ಗಳನ್ನು ಬದಲಿಸಿ ಚಿಪ್ ಕಾರ್ಡ್ ಕೊಡಿ ಎಂದಿತ್ತು. ದಾಖಲೆಯಲ್ಲಿ ಪಟ್ಟಿ ಎಂದು ಬಂದರೆ ಅದು ನಕಲಿ ಕಾರ್ಡ್ ಎನ್ನಲು ಬಲವಾದ ಆಧಾರ. ಚಿಪ್ ಎಂದು ಬಂದರೆ ಅಸಲಿ ಕಾರ್ಡೇ ಅಲ್ಲಿತ್ತು ಎಂದಾಗುತ್ತದೆ. ಆಗ ಮತ್ತೆ ಕಾರ್ಡ್ ಬದಲಾವಣೆಯ ಕಥೆಗೇ ಬರುತ್ತೇವೆ.

ಈ ಸಂಕೇತ ನಿಮಗೆ ಅರ್ಥವಾಗದಿದ್ದರೂ ಚಿಂತೆ ಇಲ್ಲ. ‘ಐದೂ ವಹಿವಾಟುಗಳ ಎಂಟ್ರಿ ಮೋಡ್, ಸ್ವಿಚ್ ಲಾಗ್, ಎಟಿಎಂನ ಇ.ಜೆ. ಲಾಗ್ ಕೊಡಿ’ ಎಂದು ಬರೆದುಕೊಡಿ. ಸ್ವಿಚ್ ಲಾಗ್ ಎಂದರೆ ವಹಿವಾಟು ಬ್ಯಾಂಕಿನ ಕಂಪ್ಯೂಟರ್ ಜಾಲದಲ್ಲಿ ಸಾಗಿದ ದಾಖಲೆ. ಇ.ಜೆ. ಲಾಗ್ ಎಂದರೆ ಮಷಿನ್ ತಾನೇ ಬರೆದುಕೊಳ್ಳುವ ದಿನಚರಿ. ಈ ಪದಗಳು ಅರ್ಜಿಯಲ್ಲಿ ಇದ್ದರೆ ಕಡತ ಬ್ರಾಂಚಿನಿಂದ ಮೇಲಕ್ಕೆ ಹೋಗುವ ವೇಗವೇ ಬೇರೆ.

ಈಗ ಕಷ್ಟದ ಭಾಗ. ಕಾರ್ಡ್ ಬದಲಾಗಿದೆ ಎಂದೇ ಇಟ್ಟುಕೊಳ್ಳಿ. ಆಗ ನಿಮ್ಮದು ನಿರ್ಲಕ್ಷ್ಯವೇ? ಸುತ್ತೋಲೆ ಪ್ರಕಾರ ಗ್ರಾಹಕ ಪಿನ್, ಪಾಸ್‌ವರ್ಡ್‌ನಂಥದ್ದನ್ನು ಇನ್ನೊಬ್ಬರಿಗೆ ಹೇಳಿ ನಷ್ಟವಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಗ್ರಾಹಕನದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಬ್ಯಾಂಕ್ ನಿಮ್ಮನ್ನು ಈ ಸಾಲಿಗೆ ಸೇರಿಸಲು ನೋಡುತ್ತದೆ. ನಿಮ್ಮ ವಾದ ಹೀಗಿರಬೇಕು: ನಾನು ಪಿನ್ ಕೊಟ್ಟಿಲ್ಲ, ಕದ್ದು ನೋಡಿದ್ದಾರೆ. ಕಾರ್ಡ್ ಕೊಟ್ಟಿಲ್ಲ, ಮೋಸದಿಂದ ಬದಲಿಸಿದ್ದಾರೆ. ಆ ಎಟಿಎಂನಲ್ಲಿ ಕಾವಲುಗಾರ ಇದ್ದರೇ? ಕ್ಯಾಮೆರಾ ಕೆಲಸ ಮಾಡುತ್ತಿತ್ತೇ? ಮಷಿನ್ ಯಾಕೆ ಸತಾಯಿಸಿತು? ಇವಕ್ಕೆ ಉತ್ತರ ಹೇಳಬೇಕಾದವರು ಎಟಿಎಂ ಇಟ್ಟವರು. ನಿಮ್ಮ ವಾದಕ್ಕೆ ಬಲ ಇದೆ, ಆದರೆ ಗೆಲುವು ಖಚಿತ ಎಂದು ನಾನು ಹೇಳಲಾರೆ. ಅಪರಿಚಿತನ ಕೈಗೆ ಕಾರ್ಡ್ ಹೋಗಿತ್ತು ಎಂಬ ಒಂದೇ ಅಂಶದ ಮೇಲೆ ಬ್ಯಾಂಕ್ ಜಗ್ಗುತ್ತದೆ. ಗ್ರಾಹಕನ ನಿರ್ಲಕ್ಷ್ಯ ಇದ್ದಾಗಲೂ ಹೊಣೆ ಮನ್ನಾ ಮಾಡುವ ಅಧಿಕಾರ ಬ್ಯಾಂಕಿಗೆ ಇದೆ ಎಂದು ಸುತ್ತೋಲೆಯೇ ಹೇಳುತ್ತದೆ. ಅರ್ಜಿಯ ಕೊನೆಗೆ ಅದನ್ನೂ ಕೇಳಿ, ನಷ್ಟವೇನಿಲ್ಲ.

ಕವರ್ ಮೇಲೆ ಪಿನ್ ಬರೆದಿದ್ದ ವಿಷಯ. ಕವರ್ ನಿಮ್ಮ ಕೈ ಬಿಟ್ಟು ಹೋಗಿಲ್ಲ ಎಂದಾದರೆ ಅದಕ್ಕೂ ಈ ನಷ್ಟಕ್ಕೂ ಸಂಬಂಧ ಇಲ್ಲ. ಆದರೆ ಯಾರಾದರೂ ನೇರವಾಗಿ ಕೇಳಿದರೆ ಸುಳ್ಳು ಹೇಳಬೇಡಿ. ಎಟಿಎಂ ಕ್ಯಾಮೆರಾದಲ್ಲಿ ನೀವು ಕವರ್ ನೋಡಿ ಪಿನ್ ಒತ್ತುವುದು ಕಂಡರೆ, ಆಮೇಲೆ ನಿಮ್ಮ ಯಾವ ಮಾತನ್ನೂ ಯಾರೂ ನಂಬುವುದಿಲ್ಲ. ಇವತ್ತೇ ಆ ಕವರ್ ಹರಿದುಹಾಕಿ ಎಂದು ಹೇಳಬೇಕಾಗಿಲ್ಲ ಅಲ್ವಾ?

ಪಿನ್ ವಿಷಯದಲ್ಲಿ ಬ್ಯಾಂಕಿನ ಕಡೆಗೆ ವಾಲಿದ ಒಂದು ತೀರ್ಪು ನಮ್ಮ ರಾಜ್ಯದ್ದೇ ಇದೆ. 2013ರಲ್ಲಿ ಬೆಂಗಳೂರಿನ ಬಾಣಂತಿಯೊಬ್ಬರು ಗಂಡನ ಕೈಗೆ ಕಾರ್ಡ್ ಕೊಟ್ಟು ಪಿನ್ ಹೇಳಿ 25,000 ರೂ. ತರಲು ಕಳಿಸಿದ್ದರು. ಮಷಿನ್ ಚೀಟಿ ಕೊಟ್ಟಿತು, ದುಡ್ಡು ಕೊಡಲಿಲ್ಲ. ವರ್ಷಗಟ್ಟಲೆ ಓಡಾಡಿದರು. 2018ರಲ್ಲಿ ಗ್ರಾಹಕ ವೇದಿಕೆ ಬ್ಯಾಂಕಿನ ಪರ ತೀರ್ಪು ಕೊಟ್ಟಿತು. ಗಂಡನಿಗಾದರೂ ಸರಿ, ಪಿನ್ ಹೇಳಿದ್ದೇ ತಪ್ಪು ಎಂದಿತು. ನನಗೆ ಇದು ಕಠೋರ ತೀರ್ಪು ಅನ್ನಿಸುತ್ತದೆ. ಆದರೂ ‘ಮಗನಿಗೂ ಪಿನ್ ಗೊತ್ತು, ಅವನೇ ತೆಗೆದುಕೊಂಡು ಬರುತ್ತಾನೆ’ ಎಂಬುದು ನಮ್ಮ ಕಡೆ ಮನೆಮನೆಯ ಮಾತು. ಅದು ಬ್ಯಾಂಕಿನ ಕೈಗೆ ಸಿಗುವ ಅಸ್ತ್ರ ಎಂಬುದು ತಿಳಿದಿರಲಿ.

ಗ್ರಾಹಕನ ಪರವಾದವೂ ಇವೆ. ಮೆಸೇಜ್ ಬಂದರೂ ಗ್ರಾಹಕ ಪ್ರತಿಕ್ರಿಯಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಬ್ಯಾಂಕ್ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂದು ಕೇರಳ ಹೈಕೋರ್ಟ್ 2019ರಲ್ಲಿ ಹೇಳಿತು. ಮಗ ತಡವಾಗಿ ಮೆಸೇಜ್ ನೋಡಿದ್ದಕ್ಕೆ ಯಾರಾದರೂ ಬೊಟ್ಟು ಮಾಡಿದರೆ ಇದನ್ನು ನೆನಪಿಸಿ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಅಸ್ಸಾಮಿನ ಗ್ರಾಹಕರೊಬ್ಬರು ಆನ್‌ಲೈನಿನಲ್ಲಿ ಕೊಂಡ ಬಟ್ಟೆ ವಾಪಸ್ ಮಾಡಲು ಹೋಗಿ, ಕಸ್ಟಮರ್ ಕೇರ್ ಸೋಗಿನ ವಂಚಕನ ಮಾತು ಕೇಳಿ ಆ್ಯಪ್ ಹಾಕಿಕೊಂಡು 94,204 ರೂ. ಕಳೆದುಕೊಂಡಿದ್ದರು. 24 ಗಂಟೆಯೊಳಗೆ ಬ್ಯಾಂಕಿಗೆ ತಿಳಿಸಿದ್ದರು. ಗ್ರಾಹಕನದ್ದೇ ತಪ್ಪು ಎಂಬ ಬ್ಯಾಂಕಿನ ವಾದ ಗುವಾಹಟಿ ಹೈಕೋರ್ಟಿನಲ್ಲೂ ನಿಲ್ಲಲಿಲ್ಲ, ಸುಪ್ರೀಂ ಕೋರ್ಟಿನಲ್ಲೂ ನಿಲ್ಲಲಿಲ್ಲ. ಇಂಥ ವಹಿವಾಟನ್ನು ಗುರುತಿಸಿ ತಡೆಯುವ ತಂತ್ರಜ್ಞಾನ ಬ್ಯಾಂಕಿನ ಹತ್ತಿರ ಇದೆ, ಎಚ್ಚರ ವಹಿಸಬೇಕು ಎಂದಿತು ಕೋರ್ಟ್. ಅದೇ ಉಸಿರಿನಲ್ಲಿ, ಗ್ರಾಹಕರೂ ಒಟಿಪಿ ಯಾರಿಗೂ ಹೇಳಬಾರದು ಎಂದೂ ಹೇಳಿತು. ವರ್ಷವಿಡೀ ಶಿಡ್ಲಘಟ್ಟ, ಚಿಂತಾಮಣಿ ಬಿಟ್ಟು ಆಚೆ ಬಳಸದ ಕಾರ್ಡಿನಿಂದ ನಡುರಾತ್ರಿ ಬೇರೆ ರಾಜ್ಯದಲ್ಲಿ ಬೆನ್ನುಬೆನ್ನಿಗೆ ನಾಲ್ಕು ಸಲ ದುಡ್ಡು ಹೋದರೆ ಬ್ಯಾಂಕಿನ ಕಂಪ್ಯೂಟರಿಗೆ ಅನುಮಾನ ಬರಬೇಕಿತ್ತಲ್ಲವೇ? ನಿಮ್ಮ ಖಾತೆಯ ಹಿಂದಿನ ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆಸಿ ಅರ್ಜಿಗೆ ಲಗತ್ತಿಸಿ.

ಎಫ್‌ಐಆರ್ ತಂದರೆ ಮಾತ್ರ ದೂರು ತೆಗೆದುಕೊಳ್ಳುತ್ತೇವೆ ಎಂಬುದಕ್ಕೆ ಆ ಸುತ್ತೋಲೆಯಲ್ಲಿ ಆಧಾರ ಇಲ್ಲ. ದೂರು ತೆಗೆದುಕೊಂಡು, ಕೂಡಲೇ ದೂರು ಸಂಖ್ಯೆ ಕೊಡುವುದು ಬ್ಯಾಂಕಿನ ಕರ್ತವ್ಯ. ಹಾಗೆಂದು ಪೊಲೀಸ್ ದೂರು ಬೇಡ ಎನ್ನುತ್ತಿಲ್ಲ, ಅದೂ ಬೇಕು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಇನ್ನೂ ಫೋನ್ ಮಾಡಿಲ್ಲವಾದರೆ ಈಗಲೇ ಮಾಡಿ. ಎಟಿಎಂನಿಂದ ನೋಟಾಗಿ ಹೋದ 40,000ವನ್ನು ಅವರು ತಡೆಹಿಡಿಯಲಾರರು. ಆದರೆ ಅಂಗಡಿಯಲ್ಲಿ ಸ್ವೈಪ್ ಆದ 28,000 ಯಾರ ಖಾತೆಗೆ ಹೋಯಿತು ಎಂಬುದಕ್ಕೆ ಜಾಡು ಇದೆ. ಬೇಗ ಹೇಳಿದಷ್ಟೂ ಅದು ಸಿಗುವ ಸಾಧ್ಯತೆ ಜಾಸ್ತಿ. ಖಾತೆ ಸಂಖ್ಯೆ, ಕಾರ್ಡಿನ ಕೊನೆಯ ನಾಲ್ಕು ಅಂಕಿ, ವಹಿವಾಟಿನ ಸಂಖ್ಯೆ, ಸಮಯ, ಮೊತ್ತ ಕೈಯಲ್ಲಿಟ್ಟುಕೊಂಡು ಮಾತಾಡಿ. ಆಮೇಲೆ ಚಿಕ್ಕಬಳ್ಳಾಪುರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಹೋಗಿ. ‘ಘಟನೆ ಆಂಧ್ರದಲ್ಲಿ ಆಗಿದೆ, ಅಲ್ಲಿ ದೂರು ಕೊಡಿ’ ಎಂದರೆ ಒಪ್ಪಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಅಪರಾಧ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ನಿಮ್ಮ ಕಾರ್ಡ್ ಕೈತಪ್ಪಿದ್ದು ಚಿಂತಾಮಣಿಯಲ್ಲೇ ಇರಬಹುದು, ಅದು ನಮ್ಮ ಜಿಲ್ಲೆಯೇ.

ಇವತ್ತೇ ಬರೆಯಬೇಕಾದ ಅರ್ಜಿಗೆ ಬರೋಣ. ಕನ್ನಡದಲ್ಲೇ ಬರೆಯಿರಿ. ಉದ್ದ ಬೇಡ, ಒಂದು ಪುಟ ಸಾಕು. ಒಕ್ಕಣೆ ಹೀಗಿರಲಿ: ‘ನನ್ನ ಖಾತೆಯಿಂದ ಈ ಕೆಳಗಿನ ಐದು ವಹಿವಾಟುಗಳು ನನ್ನ ಅನುಮತಿ ಇಲ್ಲದೆ ಆಗಿವೆ. ಇದನ್ನು ಮಂಗಳವಾರ ರಾತ್ರಿ ಇಷ್ಟು ಗಂಟೆಗೆ ನಿಮ್ಮ ಟೋಲ್‌ಫ್ರೀ ಸಂಖ್ಯೆಗೆ, ಬುಧವಾರ ನಿಮ್ಮ ಬ್ರಾಂಚಿನಲ್ಲಿ ಬಾಯಿಮಾತಿನಲ್ಲಿ ತಿಳಿಸಿದ್ದೇನೆ. ಗ್ರಾಹಕ ಮಾಡದ ವಹಿವಾಟಿನ ಹೊಣೆ ಕುರಿತ ರಿಸರ್ವ್ ಬ್ಯಾಂಕಿನ ನಿಯಮದಂತೆ 68,000 ರೂ.ಗಳನ್ನು 10 ಕೆಲಸದ ದಿನದೊಳಗೆ ನನ್ನ ಖಾತೆಗೆ ಜಮಾ ಮಾಡಬೇಕು. ಚಿಂತಾಮಣಿ ಎಟಿಎಂನ ಗುರುವಾರದ, ಹಿಂದೂಪುರ ಎಟಿಎಂನ ಶುಕ್ರವಾರ ರಾತ್ರಿಯ ಸಿಸಿಟಿವಿ ದೃಶ್ಯಗಳನ್ನು ಅಳಿಸದೆ ಕಾಪಾಡಬೇಕು. ವಹಿವಾಟುಗಳ ಎಂಟ್ರಿ ಮೋಡ್, ಸ್ವಿಚ್ ಲಾಗ್, ಇ.ಜೆ. ಲಾಗ್ ಮತ್ತು ನನ್ನ ಕರೆಯ ರೆಕಾರ್ಡಿಂಗ್ ಕೊಡಬೇಕು.’ ದಿನಾಂಕ, ಸಮಯಗಳನ್ನು ಬಿಡದೆ ತುಂಬಿ. ಎರಡು ಪ್ರತಿ ಮಾಡಿ ಒಂದಕ್ಕೆ ಸೀಲು, ಸಹಿ, ತಾರೀಖು ಹಾಕಿಸಿ. ಹಾಕಲ್ಲ ಎಂದರೆ ವಾದಕ್ಕೆ ನಿಲ್ಲಬೇಡಿ. ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಬ್ಯಾಂಕಿನ ದೂರು ವಿಭಾಗಕ್ಕೆ ಮಗನ ಇಮೇಲಿನಿಂದಲೂ ಕಳಿಸಿ.

ಸಿಸಿಟಿವಿ ಮಾತನ್ನು ಮಾತ್ರ ನಾಳೆಗೆ ಎಂದು ತಳ್ಳಬೇಡಿ. ಹಳೆಯ ದೃಶ್ಯಗಳ ಮೇಲೆ ಹೊಸವು ಬರೆಯಲ್ಪಡುತ್ತವೆ. ಹಿಂದೂಪುರದ್ದು ಬೇರೆ ಬ್ಯಾಂಕಿನ ಎಟಿಎಂ ಆಗಿದ್ದರೆ ನಿಮ್ಮ ಬ್ಯಾಂಕ್ ಅವರನ್ನು ಕೇಳಿ ತರಿಸಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಯಾರು ದುಡ್ಡು ತೆಗೆದರು ಎಂಬುದು ಅಲ್ಲಿ ಕಂಡರೆ ನಿಮ್ಮ ಮೇಲಿನ ಅನುಮಾನ ಅರ್ಧ ಇಳಿಯುತ್ತದೆ.

ಆ 10 ದಿನದ ಜಮೆ ಬಗ್ಗೆ ಒಂದು ಮಾತು. ಅದು ತಾತ್ಕಾಲಿಕ. ವಹಿವಾಟು ಆದ ತಾರೀಖಿನಿಂದಲೇ ಜಮೆ ಆದಂತೆ ಲೆಕ್ಕ ಹಿಡಿಯುತ್ತಾರೆ, ಹಾಗಾಗಿ ಬಡ್ಡಿ ತಪ್ಪುವುದಿಲ್ಲ. ಆದರೆ ತನಿಖೆ ಮುಗಿಯುವವರೆಗೆ ಆ ಮೊತ್ತ ತೆಗೆಯಲಾಗದಂತೆ ತಡೆ ಹಾಕಿರಬಹುದು. ಪಾಸ್‌ಬುಕ್‌ನಲ್ಲಿ ಕಂಡಿತೆಂದು ಹಿಪ್ಪುನೇರಳೆ ತೋಟದ ಗೊಬ್ಬರಕ್ಕೆ ಮುಂಗಡ ಕೊಟ್ಟುಬಿಡಬೇಡಿ. ಬ್ಯಾಂಕ್ 90 ದಿನದೊಳಗೆ ಯಾರ ಹೊಣೆ ಎಂದು ತೀರ್ಮಾನಿಸಬೇಕು. ಅಷ್ಟರೊಳಗೆ ತೀರ್ಮಾನಿಸಲು ಆಗದಿದ್ದರೆ ನಿಯಮದಂತೆ ಕೊಡಬೇಕಾದ ಪರಿಹಾರ ಕೊಡಬೇಕು. ‘ತನಿಖೆ ಇನ್ನೂ ನಡೀತಿದೆ’ ಎಂದು ಆರು ತಿಂಗಳು ಓಡಾಡಿಸುವಂತಿಲ್ಲ.

ಬ್ಯಾಂಕ್ ಇಲ್ಲ ಎಂದರೆ, ಅಥವಾ 30 ದಿನವಾದರೂ ಉತ್ತರವೇ ಕೊಡದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ತೀರ್ಮಾನಿಸುವ ಅಧಿಕಾರಿ, ಇದ್ದಾರೆ. ಖರ್ಚಿಲ್ಲ, ವಕೀಲರು ಬೇಡ. ರಿಸರ್ವ್ ಬ್ಯಾಂಕಿನ ಸಿಎಂಎಸ್ ಎಂಬ ದೂರಿನ ಪೋರ್ಟಲ್‌ನಲ್ಲಿ ಮಗ ಹಾಕಬಹುದು. ಕಾಗದದಲ್ಲೇ ಕಳಿಸುವುದಾದರೆ ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕಿನ ದೂರು ಸ್ವೀಕಾರ ಕೇಂದ್ರಕ್ಕೆ. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಮಾಹಿತಿ ಸಿಗುತ್ತದೆ. ಬ್ಯಾಂಕಿಗೆ ಬರೆದು ಕೊಡದೆ ನೇರವಾಗಿ ಅಲ್ಲಿಗೆ ಹೋದರೆ ತಿರಸ್ಕರಿಸುತ್ತಾರೆ. ಸೀಲು ಹಾಕಿದ ಪ್ರತಿಗೆ ಇಷ್ಟು ಒತ್ತಾಯ ಮಾಡುತ್ತಿರುವುದು ಅದಕ್ಕೇ.

ಇನ್ನೊಂದು ದಾರಿ ಚಿಕ್ಕಬಳ್ಳಾಪುರದ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮೇಲೆ ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಬ್ಯಾಂಕಿನ ಮುಖ್ಯ ಕಚೇರಿ ಮುಂಬೈಯಲ್ಲಿದ್ದರೂ ಸರಿ. ಎರಡು ವರ್ಷ ಕಾಲಾವಕಾಶ ಇದೆ. ನಿಮ್ಮಂಥ ಸಣ್ಣ ಪ್ರಕರಣಕ್ಕೆ ಶುಲ್ಕವೂ ಇಲ್ಲ. ಓಂಬುಡ್ಸ್‌ಮನ್ ಮತ್ತು ಆಯೋಗ ಎರಡನ್ನೂ ಒಟ್ಟಿಗೆ ಹಿಡಿಯುವಂತಿಲ್ಲ. ನಾನಾದರೆ ಮೊದಲು ಓಂಬುಡ್ಸ್‌ಮನ್ ಹತ್ತಿರ ಹೋಗುತ್ತೇನೆ. ಅಲ್ಲಿ ಕೇಳುವುದು ಹೆಚ್ಚಾಗಿ ದಾಖಲೆಯ ಲೆಕ್ಕ, ನಿಮ್ಮ ದಿನಗಳ ಲೆಕ್ಕ ಗಟ್ಟಿಯಾಗಿದೆ. ಕಾರ್ಡ್ ಬದಲಾವಣೆಯ ಪ್ರಕರಣವಾಗಿದ್ದು, ಸಾಕ್ಷಿ ಹೇಳಿಸಿ, ಎಟಿಎಂನ ಭದ್ರತೆಯ ಲೋಪವನ್ನೇ ದೊಡ್ಡದಾಗಿ ಎತ್ತಬೇಕು ಎಂದಾದರೆ ಆಯೋಗವೇ ಸರಿಯಾದ ಜಾಗ.

ಮೆಸೇಜ್ ಹೋಗುವ ನಂಬರ್ ಬದಲಿಸಿ. ನಿಮ್ಮ ಜೇಬಿನಲ್ಲಿರುವ ಫೋನ್ ಕೀಪ್ಯಾಡ್ ಫೋನೇ ಆಗಿದ್ದರೂ ಅದರ ನಂಬರನ್ನೇ ಖಾತೆಗೆ ಜೋಡಿಸಿ. ಹೊಸ ಕಾರ್ಡ್ ಬಂದಾಗ ಎಟಿಎಂ ಮಿತಿಯನ್ನು ನಿಮಗೆ ಬೇಕಾದಷ್ಟಕ್ಕೆ ಇಳಿಸಿ, ಆನ್‌ಲೈನ್ ವಹಿವಾಟು ಬೇಡವಾದರೆ ಮುಚ್ಚಿಡಿ. ಹೀಗೆ ಮಾಡುವ ಸೌಲಭ್ಯ ಕೊಡಬೇಕೆಂದು 2020ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಎಟಿಎಂನಲ್ಲೋ ಬ್ರಾಂಚಿನಲ್ಲೋ ಕೇಳಿದರೆ ಮಾಡಿಕೊಡುತ್ತಾರೆ. ಜಮೀನು ನೋಂದಣಿ ಮಾಡಿಸಿದವರು ಆಧಾರ್ ಬಯೋಮೆಟ್ರಿಕ್ ಅನ್ನೂ ಲಾಕ್ ಮಾಡಿಟ್ಟರೆ ಒಳ್ಳೆಯದು. ನೋಂದಣಿ ಪತ್ರಗಳಲ್ಲಿನ ಹೆಬ್ಬೆರಳ ಗುರುತು ನಕಲು ಮಾಡಿ ಆಧಾರ್ ಮೂಲಕ ದುಡ್ಡು ಎಳೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲಿ ಬೆಳಕಿಗೆ ಬಂದವು. ಅದಕ್ಕೆ ಕಾರ್ಡೂ ಬೇಡ, ಪಿನ್ನೂ ಬೇಡ. ಹಾಗೇನಾದರೂ ದುಡ್ಡು ಹೋದರೂ ಇದೇ ಸುತ್ತೋಲೆ, ಇದೇ ಮೂರು ಕೆಲಸದ ದಿನ.